ಬುದ್ಧಿ ಹೇಳುವ ನೌಕರಿ

ನನಗೆ ಇಪ್ಪತ್ತೆರಡು ತುಂಬಿದ ವರ್ಷ ಸರ್ಕಾರ ನನ್ನನ್ನು ಊರಿಗೆಲ್ಲ ಬುದ್ಧಿ ಹೇಳುವ ನೌಕರಿಗೆ ತೆಗೆದುಕೊಂಡಿತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಹುದ್ದೆಯ ಹೆಸರು ಗ್ರಾಮಸೇವಕಿ. ಹಳ್ಳಿಯ ಹೆಣ್ಣುಮಕ್ಕಳನ್ನು ಸೇರಿಸಿ ಮಹಿಳಾ ಮಂಡಳ ಕಟ್ಟಬೇಕು, ಹೊಲಿಗೆ ಕಲಿಸಬೇಕು, ಹೊಗೆಯಿಲ್ಲದ ಒಲೆ ಹಾಕಿಸಬೇಕು, ಕೂಸಿಗೆ ಏನು ಉಣ್ಣಿಸಬೇಕು, ಬಾಣಂತಿ ಹೇಗಿರಬೇಕು ಎಂದು ತಿಳಿಸಬೇಕು. ಆದೇಶದ ಕಾಗದ ಅಫಜಲಪುರದ ನಮ್ಮ ಮನೆಗೆ ಬಂದ ದಿನ ಅಪ್ಪ ಅದನ್ನು ಎರಡು ಸಲ ಓದಿದರು. ಅವರು ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿ, ಆಮೇಲೆ ಕನ್ನಡ ಶಾಲೆಯ ಮಾಸ್ತರರಾದವರು. ಯಾವ ಕಾಗದವನ್ನೂ ಒಂದೇ ಸಲಕ್ಕೆ ನಂಬುತ್ತಿರಲಿಲ್ಲ.

"ಇದರಾಗ ಕುಟುಂಬಗಳಿಗಿ ಮಾರ್ಗದರ್ಶನ ಅಂತ ಬರದಾರಲ್ಲ, ಹಂಗಂದ್ರ ಏನ್ ಬೇ?" ಎಂದು ಕೇಳಿದರು.

"ಹೆಣ್ಮಕ್ಕಳು ಏನರ ಕೇಳಿದ್ರ ಹೇಳೂದ್ರಿ ಅಪ್ಪಾ."

"ನೀ ರೊಟ್ಟಿ ಬಡದ್ರ ಹಂಚಿನ ಮ್ಯಾಲ ಹರೀತದ. ನೀ ಯಾರಿಗಿ ಏನ್ ಹೇಳ್ತಿ?" ಎಂದು ನಕ್ಕರು.

ನಾನೂ ನಕ್ಕೆ. ತರಬೇತಿಯಲ್ಲಿ ನಮಗೆ ಒಲೆ ಕಟ್ಟುವುದನ್ನು ಕಲಿಸಿದ್ದರು, ಕುಪ್ಪಸದ ಬಟ್ಟೆ ಕತ್ತರಿಸುವುದನ್ನು ಕಲಿಸಿದ್ದರು, ನುಗ್ಗೆಸೊಪ್ಪಿನಲ್ಲಿ ಏನೇನು ಸತ್ವವಿದೆ ಎಂಬುದನ್ನು ಬಾಯಿಪಾಠ ಮಾಡಿಸಿದ್ದರು. ಒಬ್ಬ ಹೆಂಗಸು ನಮ್ಮೆದುರು ಕೂತು ತನ್ನ ಬದುಕನ್ನು ಬಿಚ್ಚಿಟ್ಟರೆ ಏನು ಮಾಡಬೇಕೆಂದು ಮಾತ್ರ ಯಾರೂ ಕಲಿಸಿರಲಿಲ್ಲ. ಈಗ ಆ ಕೆಲಸಕ್ಕೆ ಆಪ್ತಸಲಹೆ, ಲೈಫ್ ಕೋಚಿಂಗ್ ಎಂದೆಲ್ಲ ಹೆಸರುಗಳಿವೆ. ಅದಕ್ಕೆಂದೇ ಕೋರ್ಸುಗಳಿವೆ, ಪ್ರಮಾಣಪತ್ರಗಳಿವೆ, ಹೇಗೆ ನಡೆದುಕೊಳ್ಳಬೇಕು ಎಂಬ ನಿಯಮಗಳೂ ಇವೆಯಂತೆ. ನನಗೆ ಕೊಟ್ಟಿದ್ದು ಕಾಲಿನಿಂದ ತುಳಿಯುವ ಒಂದು ಹೊಲಿಗೆ ಯಂತ್ರ.

ನನ್ನನ್ನು ಆಳಂದ ತಾಲೂಕಿನ ನಿಂಬರ್ಗಾಕ್ಕೆ ಹಾಕಿದರು. ಸುತ್ತಲಿನ ಐದಾರು ಹಳ್ಳಿಗಳೂ ನನ್ನ ಪಾಲಿಗೆ ಬಂದವು. ಒಬ್ಬ ರೈತರ ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಅದೇ ನನ್ನ ಮನೆ, ಅದೇ ಮಹಿಳಾ ಮಂಡಳ. ತೊಗರಿ ಹೊಲದಲ್ಲಿ ಕಸ ತೆಗೆದು ಬಂದ ಹೆಣ್ಣುಮಕ್ಕಳು ಹೊತ್ತು ಮುಳುಗುವ ಮುಂಚೆ ಒಂದು ತಾಸು ಬಂದು ಕೂಡುತ್ತಿದ್ದರು. ಮೊದಲ ತಿಂಗಳು ಬರೀ ಬಟ್ಟೆಯ ಮಾತು. ಎರಡನೆಯ ತಿಂಗಳಿಗೆ ಉಳಿದವರು ಎದ್ದುಹೋದ ಮೇಲೂ ಒಬ್ಬೊಬ್ಬರು ಕೂತಿರತೊಡಗಿದರು. ದಾರದ ಉಂಡೆಯನ್ನು ಬೆರಳಲ್ಲಿ ತಿರುಗಿಸುತ್ತ, "ಬಾಯಾರ, ನಿಮಗೊಂದ್ ಮಾತ್ ಕೇಳಬೇಕಾಗ್ಯದ್ರಿ" ಎನ್ನುತ್ತಿದ್ದರು.

ಆ ಮಾತು ಕೇಳಿದರೆ ನನಗೆ ಹಿಗ್ಗು. ಅವರು ಅರ್ಧ ಹೇಳುವಷ್ಟರಲ್ಲಿ ನನ್ನ ಉತ್ತರ ಸಿದ್ಧವಿರುತ್ತಿತ್ತು. ಒಬ್ಬಳಿಗೆ ಅತ್ತೆಯಿಂದ ಒಲೆ ಬೇರೆ ಮಾಡು ಎಂದೆ. ಮಾಡಿದಳು, ದಿನದ ಜಗಳ ನಿಂತಿತು. ಇನ್ನೊಬ್ಬಳಿಗೆ ಮಗಳನ್ನು ಶಾಲೆ ಬಿಡಿಸಬೇಡ ಎಂದೆ. ಬಿಡಿಸಲಿಲ್ಲ. "ಈ ಬಾಯಾರ ಮಾತು ಹಸಿ ಗ್ವಾಡಿಗಿ ಮೊಳಿ ಹೊಡದಂಗ, ಸೀದಾ ಇಳೀತದ" ಎಂದು ಒಬ್ಬ ಮುದುಕಿ ಹೊಗಳಿದಳು. ನನಗೆ ಕೊಂಬು ಬಂದಿತ್ತು.

ಅಂಥ ದಿನಗಳಲ್ಲಿ ಆಕೆ ಬಂದಳು. ಮುಂದಿನದನ್ನು ಬರೆಯುವ ಮೊದಲು ಒಂದು ಮಾತು ಹೇಳಬೇಕು. ಇದು ಆಕೆಯ ಮತ್ತು ಆಕೆಯ ಗಂಡನ ಬದುಕಿನ ಸಂಗತಿ. ಇಬ್ಬರನ್ನೂ ಕೇಳಿ, ಇಬ್ಬರೂ ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಊರು ಬದಲಿಸಿರಿ, ಗುರುತು ಬದಲಿಸಿರಿ ಎಂದರು. ಬದಲಿಸಿದ್ದೇನೆ. ನಾನು ಮಾಡಿದ್ದನ್ನು ಬದಲಿಸಿಲ್ಲ.

ಆಕೆಗೆ ಆಗ ನನ್ನಷ್ಟೇ ವಯಸ್ಸು, ಒಂದೆರಡು ವರ್ಷ ಹೆಚ್ಚಿರಬಹುದು. ಮದುವೆಯಾಗಿ ಆರು ವರ್ಷವಾಗಿದ್ದರೂ ಮಕ್ಕಳಾಗಿರಲಿಲ್ಲ. ಗಂಡನ ಮನೆಯವರು ಅವನಿಗೆ ಎರಡನೆಯ ಹೆಣ್ಣು ಗೊತ್ತು ಮಾಡಿದಾಗ ಈಕೆ ತವರಿಗೆ ಬಂದುಬಿಟ್ಟಿದ್ದಳು. ಅಣ್ಣನ ಮನೆಯಲ್ಲಿ ತಾಯಿಯೊಂದಿಗಿದ್ದಳು. ಹೊಲಿಗೆಗೆ ಬಂದರೆ ಎಲ್ಲರಿಗಿಂತ ಚೊಕ್ಕ ಕೆಲಸ. ಮಾತು ಕಡಿಮೆ. ಒಂದು ಸಂಜೆ ಎಲ್ಲರೂ ಹೋದ ಮೇಲೆ ಯಂತ್ರದ ಮೇಲೆ ಬಟ್ಟೆ ಹೊದಿಸುತ್ತ ಹೇಳಿದಳು.

"ಬಾಯಾರ, ದೋಷ ನಂದಲ್ರಿ. ಮೂರು ವರ್ಷದ ಹಿಂದ ನಾವಿಬ್ರೂ ಸೊಲ್ಲಾಪುರಕ್ಕ ಹೋಗಿ ತೋರಿಸ್ಕೊಂಡೀವಿ. ಅವರಿಂದ ಆಗಂಗಿಲ್ಲಂತ ಡಾಕ್ಟರ್ ಬರದ್ ಕೊಟ್ಟಾರ. ಆ ಕಾಗದ ನನ್ನ ಪೆಟಗ್ಯಾಗ ಅದ. ಯಾರಿಗೂ ಹೇಳಿಲ್ಲ. ನಮ್ಮ ಅವ್ವಗೂ ಗೊತ್ತಿಲ್ಲ."

"ಅಲ್ಲ, ಹೇಳಬೇಕಲ್ಲ ನೀ!" ಎಂದೆ ನಾನು.

"ಹೊರಗ ಹೇಳೂ ಮಾತಲ್ರಿ. ಎದಿ ಮ್ಯಾಲ ಭಾರ ಆಗಿತ್ತು, ಅದಕ್ಕ ನಿಮ್ಮ ಮುಂದ ಅಂದೆ."

ಅದು ಕೇಳಬೇಕಾದ ಮಾತಾಗಿತ್ತು. ನಾನು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ನನ್ನ ತಲೆಯಲ್ಲಿ ಆಗಲೇ ಸಿಟ್ಟು ಹತ್ತಿಕೊಂಡಿತ್ತು. ತಪ್ಪಿಲ್ಲದವಳು ಬಂಜೆ ಅನ್ನಿಸಿಕೊಂಡು ಮೂಲೆಯಲ್ಲಿ ಕೂತಿದ್ದಾಳೆ, ಅತ್ತ ಇನ್ನೊಂದು ಹುಡುಗಿಯನ್ನು ಅದೇ ಮನೆಗೆ ತರುತ್ತಿದ್ದಾರೆ.

ಮುಂದಿನ ತಿಂಗಳು ಆಳಂದದಲ್ಲಿ ತಾಲೂಕಿನ ಎಲ್ಲ ಮಹಿಳಾ ಮಂಡಳಗಳ ಸಭೆ ಇತ್ತು. ಶಾಮಿಯಾನದ ಕೆಳಗೆ ಹಳ್ಳಿಹಳ್ಳಿಯಿಂದ ಬಂದ ಹೆಣ್ಣುಮಕ್ಕಳು ಕಿಕ್ಕಿರಿದು ಕೂತಿದ್ದರು. ಪ್ರತಿಯೊಬ್ಬ ಗ್ರಾಮಸೇವಕಿ ತನ್ನ ಕೆಲಸದ ಬಗ್ಗೆ ಐದು ನಿಮಿಷ ಹೇಳಬೇಕು. ಉಳಿದವರು ಎಷ್ಟು ಒಲೆ ಹಾಕಿಸಿದೆವು, ಎಷ್ಟು ಸಸಿ ಹಂಚಿದೆವು ಎಂದು ಓದಿದರು. ಜನ ಆಕಳಿಸುತ್ತಿದ್ದರು. ನನ್ನ ಸರದಿ ಬಂದಾಗ ನಾನು ಒಲೆಯ ಲೆಕ್ಕದ ಹಾಳೆಯನ್ನು ಮಡಿಚಿಟ್ಟೆ. "ನನ್ನ ಹತ್ತಿರ ಒಬ್ಬ ತಂಗಿ ಬರುತ್ತಾಳೆ" ಎಂದು ಶುರು ಮಾಡಿದೆ. ಆರು ವರ್ಷ, ಸೊಲ್ಲಾಪುರ, ಪೆಟ್ಟಿಗೆಯಲ್ಲಿಟ್ಟ ಕಾಗದ, ನಿಶ್ಚಯವಾಗಿರುವ ಎರಡನೆಯ ಮದುವೆ, ಎಲ್ಲವನ್ನೂ ಹೇಳಿದೆ. ಹೆಸರು ಹೇಳಲಿಲ್ಲ. ಊರು ಹೇಳಲಿಲ್ಲ. ಕೆಲವರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಕೂತಾಗ ಚಪ್ಪಾಳೆ ನಿಲ್ಲಲೇ ಇಲ್ಲ.

ಆ ಶಾಮಿಯಾನದಲ್ಲಿ ಎರಡನೆಯ ಮದುವೆಗೆ ಗೊತ್ತಾಗಿದ್ದ ಹುಡುಗಿಯ ಚಿಕ್ಕಮ್ಮ ಇದ್ದಳು.

ಮುಂದಿನ ಸಂತೆಯ ಹೊತ್ತಿಗೆ ಸುದ್ದಿ ಎಲ್ಲ ಕಡೆ ಮುಟ್ಟಿತ್ತು. ನಿಶ್ಚಯ ಮುರಿದುಬಿತ್ತು. ಗಂಡನ ಅಣ್ಣಂದಿರು ಗಾಡಿ ಕಟ್ಟಿಕೊಂಡು ಬಂದು ಈಕೆಯ ಅಣ್ಣನ ಮನೆಯೆದುರು ನಿಂತು, ಓಣಿಯೆಲ್ಲ ಕೇಳುವಂತೆ ಬೈದು ಹೋದರು. ಗಂಡ ಮುಖ ತೋರಿಸಲಾರದೆ ಊರು ಬಿಟ್ಟು ಅಕ್ಕನ ಮನೆ ಸೇರಿದ. ಇದೆಲ್ಲ ಗೊತ್ತಾದಾಗ ನನಗೆ ಮೊದಲು ಆದದ್ದು ಸಂತೋಷ. ಮದುವೆ ನಿಂತಿತಲ್ಲ! ಅದೇ ಹುರುಪಿನಲ್ಲಿ ಅವಳ ಮನೆಗೆ ಹೋದೆ. ಅವಳ ತಾಯಿ ಹೊಸ್ತಿಲ ಒಳಗೆ ನಿಂತಿದ್ದಳು, ಹೊರಗೆ ಬರಲಿಲ್ಲ.

"ಹೋಗ್ರಿ ಬಾಯಾರ. ನೀವು ನಮ್ಮ ಮನಿಗಿ ಬರಬ್ಯಾಡ್ರಿ" ಎಂದಳು. ಒಳಗೆ ಮಗಳು ಜೋಳ ಬೀಸುತ್ತಿದ್ದಳು. ಬೀಸುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ನಾಲ್ಕು ದಿನಕ್ಕೆ ಆಳಂದದಿಂದ ನಮ್ಮ ಮುಖ್ಯಸೇವಕಿ ಬಂದರು. ಗ್ರಾಮಸೇವಕಿಯರ ಕೆಲಸ ನೋಡಿಕೊಳ್ಳುವ ಮೇಲಿನವರು ಅವರು. ಐವತ್ತು ದಾಟಿದ ಹೆಂಗಸು. ಹೆಗಲಿಗೊಂದು ಬಟ್ಟೆಯ ಚೀಲ, ಕೈಯಲ್ಲಿ ಗಂಡಸರ ಛತ್ರಿ, ಬಾಯಲ್ಲಿ ಎಲೆ ಅಡಿಕೆ. ನಾವೆಲ್ಲ ಅವರನ್ನು ಅಕ್ಕಾರ ಎನ್ನುತ್ತಿದ್ದೆವು. ಬೈಯುತ್ತಾರೆಂದು ಕಾದೆ. ಅವರು ಚಾಪೆಯ ಮೇಲೆ ಕೂತು ಒಂದು ತಂಬಿಗೆ ನೀರು ಕುಡಿದರು.

"ನೀ ಮಾತಾಡಿದ್ದು ನಾನೂ ಕೇಳೀನಿ" ಎಂದರು. "ಛಲೋ ಮಾತಾಡಿದಿ. ಮಂದಿ ಚಪ್ಪಾಳಿ ಹೊಡದ್ರು. ಆ ಚಪ್ಪಾಳಿ ಯಾರಿಗಿ ಬಿತ್ತು?"

ನಾನು ಖಾಲಿ ತಂಬಿಗೆ ಎತ್ತಿಟ್ಟೆ.

"ಆಕೀಗಿ ಏನ್ ಬಿತ್ತು?"

"ಅಕ್ಕಾರ, ನಾ ಹೆಸರು ಹೇಳಿಲ್ರಿ. ಊರೂ ಹೇಳಿಲ್ಲ."

"ಹೆಸರು ಹೇಳಲಾರ್ದ ಕತಿ ಹೇಳಿದಿ. ಹಳ್ಯಾಗ ಮಂದಿಗಿ ಹೆಸರಕಿಂತ ಕತಿ ಜಲ್ದಿ ಗುರ್ತ ಹತ್ತತದ."

"ಆದ್ರ ಲಗ್ನ ನಿಂತದಲ್ರಿ. ಇನ್ನೊಂದ್ ಹುಡುಗಿ ಉಳೀತು. ಈಕೀನ ಬಂಜಿ ಅನ್ನೂದೂ ತಪ್ಪಿತು."

"ಹೌದು, ತಪ್ಪಿತು. ಒಳ್ಳೇದೇ ಆತು ಅಂತ ಇಟ್ಕೋ. ಒಳ್ಳೇದಾಗ್ತದಂತ ಹೇಳಿ ಕೇಳಲಾರ್ದ ಇನ್ನೊಬ್ರ ಪೆಟಗಿ ತಗೀಬಹುದೇನು?"

ನನಗೆ ಅಳು ಬಂತು. ಅವರು ಅಳಲು ಬಿಟ್ಟರು. ಆಮೇಲೆ ತಮ್ಮದೊಂದು ಸಂಗತಿ ಹೇಳಿದರು. ನೌಕರಿಯ ಮೊದಲ ವರ್ಷಗಳಲ್ಲಿ ಒಬ್ಬ ಹುಡುಗಿಯ ಎಲ್ಲ ಸಮಸ್ಯೆಗೂ ತಾವೇ ದಾರಿ ತೋರಿಸುತ್ತಿದ್ದರಂತೆ. ಹೇಳಿದ್ದೆಲ್ಲ ಸರಿಯಾಗಿಯೇ ಬಂತಂತೆ. "ಇವತ್ತಿಗೂ ಆಕಿ ಬರ್ತಾಳ. ಮಗಳಿಗಿ ಯಾವ ಬಣ್ಣದ ಸೀರಿ ತರಬೇಕಂತ ನನ್ನ ಕೇಳ್ತಾಳ. ನಾ ಆಕೀಗಿ ಕಾಲು ಕೊಟ್ಟೆ ಅನಕೊಂಡಿದ್ದೆ. ಊರುಗೋಲು ಕೊಟ್ಟು ಕಾಲು ಕಸಗೊಂಡಿದ್ದೆ" ಎಂದರು.

ಹೊರಡುವಾಗ ಚಪ್ಪಲಿ ಮೆಟ್ಟುತ್ತ ಹೇಳಿದರು: "ಆಕೀ ಹಂತೇಲಿ ಹೋಗಿ ತಪ್ಪಾತು ಅನ್ನು. ಯಾಕ ಮಾಡಿದಿ ಅಂತ ವಿವರಸ್ಬ್ಯಾಡ. ವಿವರಿಸಿದ್ರ ಆಕೀನೇ ನಿನ್ನ ಸಮಾಧಾನ ಮಾಡಬೇಕಾಗ್ತದ."

ಅದು ತೊಗರಿ ರಾಶಿಯ ಕಾಲ. ಆಕೆ ಅಣ್ಣನ ಕಣದಲ್ಲಿ ಒಣಗಿದ ತೊಗರಿ ಕಟ್ಟುಗಳನ್ನು ಬಡಿಗೆಯಿಂದ ಬಡಿಯುತ್ತಿದ್ದಳು. ತಲೆಗೆ ಬಟ್ಟೆ ಸುತ್ತಿಕೊಂಡಿದ್ದಳು, ರೆಪ್ಪೆಯ ಮೇಲೆಲ್ಲ ಧೂಳು. ನಾನು ಹತ್ತಿರ ಹೋದರೂ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಂದು ತಪ್ಪಾತು" ಎಂದೆ. ಮುಂದೆ ಹೇಳಲು ನಾಲಿಗೆ ತುದಿಯಲ್ಲಿ ನೂರು ಮಾತಿದ್ದವು. ಹಲ್ಲು ಕಚ್ಚಿ ನಿಂತೆ.

ಒಂದು ಕಟ್ಟು ಮುಗಿಸಿ ಆಕೆ ಬಡಿಗೆ ಕೆಳಗಿಟ್ಟಳು.

"ಆ ಕಾಗದ ತಗದು ಮುಂದ ಒಗದ್ರ ನಾ ಗೆಲ್ತೀನಂತ ನನಗ ಗೊತ್ತಿರ್ಲಿಲ್ಲಂತ ತಿಳದ್ರೇನ್ರಿ ಬಾಯಾರ? ಮೂರು ವರ್ಷ ನಮ್ಮ ಅತ್ತಿ ಬಾಯಿಗಿ ಬಂದಂಗ ಅಂದಾಳ. ಒಗೀಲಿಲ್ಲ. ಅವರು ಕೆಟ್ಟ ಮನಷ್ಯಾ ಅಲ್ರಿ. ಅವ್ವನ ಮುಂದ ಬಾಯಿ ಇಲ್ಲ, ಅಷ್ಟೇ. ಅವರ ಇಜ್ಜತ್ ನನ್ನ ಕೈಯಾಗ ಇತ್ತು. ಅದನ್ನ ನಾ ಕಾಯ್ದೀನಿ ಅನ್ನೂದೊಂದೇ ಆ ಮನಿಯಿಂದ ನಾ ತಂದಿದ್ದು. ಅದನ್ನ ನೀವು ಊರಿಗಿ ಹಂಚಿಬಿಟ್ರಿ."

ಆಕೆ ಮತ್ತೆ ಬಡಿಗೆ ಎತ್ತಿಕೊಂಡು, "ಬಾಜೂಕ ಸರೀರಿ, ಧೂಳ ಬಡೀತದ" ಎಂದಳು.

ಅಂದಿನಿಂದ ನನ್ನ ಕೋಣೆ ಖಾಲಿಯಾಯಿತು. ಹೊಲಿಗೆಗೆ ಎಂಟು ಹತ್ತು ಮಂದಿ ಬರುತ್ತಿದ್ದ ಜಾಗದಲ್ಲಿ ಇಬ್ಬರು ಬಂದರೆ ಹೆಚ್ಚು. ಅವರೂ ಬಟ್ಟೆ ಮುಗಿದ ತಕ್ಷಣ ಎದ್ದುಬಿಡುವರು. ನಾನು ಆಳಂದಕ್ಕೆ ಹೋಗಿ, ಬೇರೆ ಊರಿಗೆ ವರ್ಗ ಮಾಡಿಸಿರಿ ಎಂದು ಅಕ್ಕಾರರನ್ನು ಬೇಡಿಕೊಂಡೆ.

"ಆಗಂಗಿಲ್ಲ" ಎಂದರು. "ಹೊಸ ಊರಾಗ ಹೊಸದಾಗಿ ಛಲೋ ಅನಿಸ್ಕೊಳ್ಳೂದು ಸಸ್ತಾ ಕೆಲಸ. ಇಲ್ಲೇ ಇರು."

ಇದ್ದೆ. ಒಲೆ ಹಾಕಿಸಿದೆ, ಸಸಿ ಹಂಚಿದೆ. ಅವರ ಮನೆಯಲ್ಲಿ ಏನು ನಡೆದಿದೆ, ಇವರ ಸೊಸೆ ಏನೆಂದಳು ಎಂದು ಯಾರಾದರೂ ಕೆದಕಿದರೆ ಸೂಜಿಗೆ ದಾರ ಪೋಣಿಸುತ್ತ ಕೂಡುತ್ತಿದ್ದೆ. ಹೀಗೆ ನಾಲ್ಕೈದು ತಿಂಗಳು ಕಳೆದವು. ಆಗ ಒಬ್ಬ ಹೆಂಗಸು ತನ್ನ ಬಾಣಂತಿ ತಂಗಿಯ ವಿಷಯ ತೆಗೆದುಕೊಂಡು ಬಂದಳು. ಹೆತ್ತು ಇಪ್ಪತ್ತು ದಿನವಾಗಿತ್ತು, ನಿದ್ದೆಯಿಲ್ಲ, ಒಬ್ಬಳೇ ಮಾತಾಡುತ್ತಾಳೆ, ಕೂಸನ್ನು ಮುಟ್ಟುವುದಿಲ್ಲ. ತಾಯತ ಕಟ್ಟಿಸಿಯೂ ಆಗಿತ್ತು. "ನೀವಾದ್ರೂ ನಾಕ್ ಮಾತು ಬುದ್ಧಿ ಹೇಳ್ರಿ" ಎಂದಳು.

ಹಿಂದಿನ ವರ್ಷವಾಗಿದ್ದರೆ ಹೋಗಿ ತಾಯಿಯ ಕರ್ತವ್ಯದ ಬಗ್ಗೆ ಉಪನ್ಯಾಸ ಕೊಟ್ಟು ಬರುತ್ತಿದ್ದೆ. ಅಂದು, "ಯವ್ವಾ, ಇದು ನನಗ ತಿಳಿಯೂ ಕೆಲಸ ಅಲ್ಲ. ಇದು ಡಾಕ್ಟರ್ರಿಗಿ ತಿಳೀತದ. ನಾ ಜೋಡಿ ಬರ್ತೇನಿ, ಗುಲ್ಬರ್ಗಾಕ್ಕ ಕರಕೊಂಡು ಹೋಗೂಣು" ಎಂದೆ. ಮರುದಿನ ಬೆಳಿಗ್ಗೆಯ ಬಸ್ಸಿಗೆ ನಾವು ಮೂವರು, ಒಂದು ಕೂಸು. ದಾರಿಯುದ್ದಕ್ಕೂ ಕೂಸನ್ನು ನಾನು ಎತ್ತಿಕೊಂಡಿದ್ದೆ, ನನ್ನ ಸೀರೆ ಎರಡು ಸಲ ಒದ್ದೆಯಾಯಿತು. ಡಾಕ್ಟರರು ಇದು ಹೆರಿಗೆಯಾದ ಮೇಲೆ ಕೆಲವರಿಗೆ ಬರುವ ಕಾಯಿಲೆ, ಔಷಧಿಗೆ ಬಗ್ಗುತ್ತದೆ ಎಂದರು. ಬಗ್ಗಿತು. ಎರಡು ತಿಂಗಳಿಗೆ ಆ ತಂಗಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಕೋಣೆಯೆದುರೇ ನೀರಿಗೆ ಹೋಗತೊಡಗಿದಳು. ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡದ್ದಕ್ಕೆ ನನ್ನ ಬೆಲೆ ಇಳಿಯುತ್ತದೆಂದು ಹೆದರಿದ್ದೆ. ಆದರೆ ಅದಾದ ಮೇಲೆಯೇ ಚಾಪೆಯ ಮೇಲೆ ಮತ್ತೆ ಮಂದಿ ಕಾಣಿಸಿಕೊಂಡರು.

ಮಳೆಗಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ, ಅಂದು ಕಣದಲ್ಲಿ ತೊಗರಿ ಬಡಿಯುತ್ತಿದ್ದ ಆಕೆಯೂ ಬಂದಳು. ಹೊಲ ಹಸಿಯಾಗಿದ್ದರಿಂದ ಅಂದು ಕೆಲಸವಿರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದಳು:

"ಬುದ್ಧಿ ಹೇಳಬ್ಯಾಡ್ರಿ. ಕೇಳಸ್ಕೋರಿ, ಅಷ್ಟ ಸಾಕು."

"ಬಾ, ಕೂಡು" ಎಂದೆ.

ಗಂಡನ ಮನೆಯವರು ಹಿರಿಯರನ್ನು ಕಳಿಸಿದ್ದರಂತೆ. ಇನ್ನು ಅವನಿಗೆ ಯಾರೂ ಹೆಣ್ಣು ಕೊಡುವುದಿಲ್ಲ, ಇದ್ದವಳನ್ನೇ ಕಳಿಸಿರಿ ಎಂದು. ಅಣ್ಣ ಹೋಗು ಎನ್ನುತ್ತಿದ್ದ, ತಾಯಿ ಬೇಡ ಎಂದು ಅಳುತ್ತಿದ್ದಳು. ನನ್ನ ಒಳಗೆ ಉತ್ತರ ಕುದಿಯುತ್ತಿತ್ತು. ಹೋಗಬೇಡ, ಅವಮಾನ ಮಾಡಿದ ಮನೆಗೆ ಮತ್ತೆ ಯಾಕೆ, ಹೊಲಿಗೆ ಕಲಿತಿದ್ದೀ, ದುಡಿದು ತಿನ್ನು. ಅದನ್ನು ಅಲ್ಲೇ ನುಂಗಿ, "ನಿನಗ ಏನ್ ಬೇಕು ಅನಸ್ತದ?" ಎಂದಷ್ಟೇ ಕೇಳಿದೆ.

ಆಕೆ ಬಾಗಿಲಾಚೆ ನೋಡಿದಳು. ಹೊರಗೆ ಮಳೆ ಬಂದು ಹೋಯಿತು. "ಇಷ್ಟು ದಿನಾ ಈ ಮಾತು ಯಾರೂ ಕೇಳಿಲ್ರಿ" ಎಂದಳು. ಆಮೇಲೆ ತುಂಡುತುಂಡಾಗಿ ಹೇಳುತ್ತ ಹೋದಳು. ಗಂಡನ ಮೇಲೆ ಸಿಟ್ಟಿದೆ. ಅವನಿಲ್ಲದೆ ಬೇಸರವೂ ಇದೆ. ಆ ಮನೆಯ ಅಂಗಳದಲ್ಲಿ ಇನ್ನು ಕಾಲಿಡಲಾರೆ. ಅಣ್ಣನ ಮನೆಯಲ್ಲಿ ಮುದುಕಿಯಾಗಲೂ ಮನಸ್ಸಿಲ್ಲ. ಹೇಳುತ್ತ ಹೇಳುತ್ತ ಅವಳ ಬೆನ್ನು ನೆಟ್ಟಗಾಗುತ್ತಿದ್ದುದನ್ನು ನಾನು ನೋಡಿದೆ.

"ನಾ ಅವರ ಜೋಡಿ ಒಬ್ಬಾಕೀನೇ ಮಾತಾಡಬೇಕ್ರಿ. ನಮ್ಮ ಅಣ್ಣನೂ ಇರಬಾರ್ದು, ಅವರ ಅಣ್ಣಂದಿರೂ ಇರಬಾರ್ದು. ಜಿಡಗಾ ಮಠಕ್ಕ ಬರ್ರಿ ಅಂತ ಹೇಳಿ ಕಳಸ್ತೇನಿ. ನೀವು ನನ್ನ ಜೋಡಿ ಬರ್ರಿ. ಆದ್ರ ಮಾತಾಡಬ್ಯಾಡ್ರಿ."

ಒಂದು ಸೋಮವಾರ ಇಬ್ಬರೂ ಹೋದೆವು. ಅವನು ಮೊದಲೇ ಬಂದಿದ್ದ. ತೆಳ್ಳಗಿನ, ನಾಚಿಕೆ ಸ್ವಭಾವದ ಮನುಷ್ಯ. ನನ್ನ ಕಲ್ಪನೆಯಲ್ಲಿ ಅವನಿಗೆ ದೊಡ್ಡ ಮೀಸೆ ಇತ್ತು. ಅವರು ಮಠದ ಪ್ರಾಕಾರದ ಗೋಡೆಗೊರಗಿ ನೆರಳಲ್ಲಿ ಕೂತರು. ನಾನು ಮಾತು ಕೇಳಿಸದಷ್ಟು ದೂರದಲ್ಲಿ, ಆದರೆ ಆಕೆಗೆ ಕಾಣುವಂತೆ ಕೂತೆ. ಎರಡು ತಾಸಾದರೂ ಆಗಿರಬೇಕು. ಒಮ್ಮೆ ಆಕೆ ಕೈಯೆತ್ತಿ ಜೋರಾಗಿ ಏನೋ ಅಂದಳು. ಒಮ್ಮೆ ಅವನು ರುಮಾಲಿನಿಂದ ಮುಖ ಮುಚ್ಚಿಕೊಂಡ. ಊಟದ ಗಂಟೆ ಬಾರಿಸಿದಾಗ ಎದ್ದರು.

ಅವನು ನೇರವಾಗಿ ನನ್ನ ಕಡೆಗೆ ಬಂದ. "ನೀವೇ ಏನ್ರಿ ಆ ಬಾಯಾರು?"

"ಹೌದ್ರಿ. ಆಕೀಗಿ ತಪ್ಪಾತಂದೀನಿ. ನಿಮಗೂ ಅನ್ನೂದಿತ್ತು. ನೀವು ನನಗ ಏನೂ ಹೇಳಿದ್ದಿಲ್ಲ, ನಿಮ್ಮ ಮಾತು ಊರಿಗಿ ಹೇಳೀನಿ. ತಪ್ಪಾತ್ರಿ."

ಅವನು ನೆಲ ನೋಡುತ್ತ ನಿಂತ. "ಹೇಳಬೇಕಾದಾಂವ ನಾನಿದ್ದೆ. ನಮ್ಮ ಅವ್ವನ ಮುಂದ ನಾನೇ ಹೇಳಬೇಕಿತ್ತು. ಆದ್ರ ನೀವು ಮಾಡಿದ್ದು ಛಲೋ ಆತು ಅಂತ ಮಾತ್ರ ನನ್ನ ಬಾಯಿಂದ ಬರಂಗಿಲ್ರಿ" ಎಂದ.

"ಬರೂದು ಬ್ಯಾಡ್ರಿ" ಎಂದೆ.

ಮೂವರೂ ಪಂಕ್ತಿಯಲ್ಲಿ ಕೂತು ಪ್ರಸಾದ ಉಂಡೆವು. ತಿರುಗಿ ಬರುವಾಗ ಬಸ್ಸಿನಲ್ಲಿ ಆಕೆ ತಾನಾಗಿಯೇ ಹೇಳಿದಳು. ಅವನ ಜೊತೆ ಬಾಳುವುದೆಂದು ತೀರ್ಮಾನಿಸಿದ್ದಳು, ಆದರೆ ಆ ಮನೆಯಲ್ಲಲ್ಲ. ಅವನು ಪಾಲಿನ ಹೊಲದಲ್ಲಿ ಬೇರೆ ಮನೆ ಹಾಕಬೇಕು, ಆಮೇಲೆ ಬರುತ್ತೇನೆ ಎಂದಿದ್ದಳು. ನನ್ನ ಮನಸ್ಸಿಗೆ ಅದು ಸರಿಯೆನ್ನಿಸಲಿಲ್ಲ. ನಾನಾಗಿದ್ದರೆ ಹೋಗುತ್ತಿರಲಿಲ್ಲ. ಆದರೆ ಹೋಗುವವಳು ನಾನಾಗಿರಲಿಲ್ಲ. ದೀಪಾವಳಿಯೊಳಗೆ ಎರಡು ಅಂಕಣದ ಮನೆ ಎದ್ದಿತು. ಮೂರು ವರ್ಷಕ್ಕೆ ಗಂಡನ ಅಕ್ಕನ ನಾಲ್ಕನೆಯ ಮಗಳನ್ನು ದತ್ತು ತೆಗೆದುಕೊಂಡರು. ನಾನು ನೋಡಲು ಹೋದಾಗ ಆ ಕೂಸು ಅಪ್ಪನ ಹೆಗಲ ಮೇಲೆ ಕೂತು ಅವನ ಕಿವಿ ಹಿಡಿದೆಳೆಯುತ್ತಿತ್ತು. ಅತ್ತೆಯೂ ಅಲ್ಲೇ ಇದ್ದಳು, ಮೊಮ್ಮಗಳಿಗೆ ಕುಂಚಿಗೆ ಹೊಲಿದುಕೊಡಿರಿ ಎಂದು ನನಗೇ ಬಟ್ಟೆ ಕೊಟ್ಟಳು. ನನ್ನ ಉತ್ತರ ಅಂದು ಬಾಯಿಂದ ಹೊರಬಿದ್ದಿದ್ದರೆ ಏನಾಗುತ್ತಿತ್ತೋ ನನಗೆ ತಿಳಿಯದು. ಹೊರಬೀಳಲಿಲ್ಲ ಎಂಬುದು ನನ್ನ ನೌಕರಿಯಲ್ಲಿ ನಾನು ಮಾಡಿದ ದೊಡ್ಡ ಕೆಲಸಗಳಲ್ಲೊಂದು ಎಂದು ತಿಳಿದಿದ್ದೇನೆ.

ಎಂಬತ್ತರ ದಶಕದ ನಡುವೆ ನನಗೆ ಜೇವರ್ಗಿ ತಾಲೂಕಿನ ಕೊಳಕೂರಿಗೆ ವರ್ಗವಾಯಿತು. ಅಲ್ಲಿಯ ದೊಡ್ಡ ಹಿಡುವಳಿದಾರರೊಬ್ಬರು, ಊರವರು ಸಾವ್ಕಾರರು ಎನ್ನುತ್ತಿದ್ದವರು, ಮಹಿಳಾ ಮಂಡಳಕ್ಕೆಂದು ತಮ್ಮ ಮನೆಯ ಬಗಲಿನ ಕೋಣೆಯನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. ಕಿಟಕಿಯಿದ್ದ, ಫರಸಿ ಕಲ್ಲು ಹಾಸಿದ ಕೋಣೆ. ಊರ ಹೆಣ್ಣುಮಕ್ಕಳ ಜೊತೆ ಅವರ ಕಿರಿಸೊಸೆಯೂ ಹೊಲಿಗೆಗೆ ಬರುತ್ತಿದ್ದಳು.

ಒಂದು ದಿನ ಸಾವ್ಕಾರರು ನನ್ನನ್ನು ಕರೆಸಿ ಚಹಾ ಕೊಡಿಸಿದರು. ಅವರ ಕಿರಿಮಗ ಬೇರೆಯಾಗುವ ಮಾತಾಡುತ್ತಿದ್ದನಂತೆ. ಅದು ಸೊಸೆಯ ಚಿತಾವಣೆ ಎಂದು ಅವರ ಸಂಶಯ.

"ಬಾಯಾರ, ಆಕಿ ನಿಮ್ಮ ಹಂತೇಲಿ ದಿನಾ ಕೂಡ್ತಾಳ. ಏನೇನ್ ಮಾತಾಡ್ತಾಳ, ಜರಾ ನನ್ನ ಕಿವಿಗಿ ಹಾಕ್ರಿ. ಮನಿ ಒಡಿಬಾರ್ದಲ್ರಿ?"

ಆಕೆಯನ್ನು ಕೇಳಿಯೇ ಇದನ್ನೂ ಬರೆಯುತ್ತಿದ್ದೇನೆ: ನಿಜ ಹೇಳಬೇಕೆಂದರೆ ಆ ಹುಡುಗಿ ಮನೆಯ ವಿಷಯ ಒಂದು ಅಕ್ಷರವನ್ನೂ ನನ್ನೆದುರು ಆಡಿರಲಿಲ್ಲ. "ಆಕಿ ಏನೂ ಅಂದಿಲ್ರಿ" ಎಂದರೆ ಅದು ಸತ್ಯ, ಅವಳಿಗೂ ಒಳ್ಳೆಯದು. ಆ ಮಾತು ಬಾಯಿಗೆ ಬಂದೂ ಬಿಟ್ಟಿತ್ತು. ಆಗ ಹೊಳೆಯಿತು. ಇವತ್ತು ಇಲ್ಲ ಎಂದು ಹೇಳಿದರೆ, ನಾಳೆ ಯಾರಾದರೂ ನಿಜವಾಗಿ ಏನನ್ನಾದರೂ ಹೇಳಿಕೊಂಡ ದಿನ ನನ್ನ ಮೌನವೇ ಹೌದು ಎಂದಂತಾಗುತ್ತದೆ.

"ಸಾವ್ಕಾರ್ರ, ಆ ಕ್ವಾಣ್ಯಾಗ ಆಡಿದ್ದು, ಆಡಲಾರದ್ದು, ಎರಡೂ ನಾ ಹೊರಗ ಹೇಳಂಗಿಲ್ರಿ. ಯಾರ ಬಗ್ಗೇನೂ ಹೇಳಂಗಿಲ್ಲ."

"ಕ್ವಾಣಿ ನಂದದ ಬಾಯಾರ."

"ಹೌದ್ರಿ, ಕ್ವಾಣಿ ನಿಮ್ದೇ. ಮಾತು ಅವರ್ದ್ರಿ."

ಅವರು ಬೈಯಲಿಲ್ಲ. ವಾರದೊಳಗೆ ಕೋಣೆ ತೊಗರಿ ಚೀಲ ಇಡಲು ಬೇಕಾಯಿತು, ಅಷ್ಟೆ. ಹೊಲಿಗೆ ಯಂತ್ರವನ್ನು ನಾಲ್ಕು ಜನ ಹೆಣ್ಣುಮಕ್ಕಳು ಎತ್ತಿಕೊಂಡು ಓಣಿಯಲ್ಲಿ ಮೆರವಣಿಗೆಯಂತೆ ಹೊರಟರು. ಯಾಕೆ ಬಿಡಿಸಿದರು ಎಂದು ಅವರು ಕೇಳಿದರು. ಸಾವ್ಕಾರರಿಗೆ ಜಾಗ ಬೇಕಂತೆ ಎಂದೆ. ನಿಜವಾದ ಕಾರಣವೂ ಹೊರಗೆ ಹೇಳುವ ಮಾತಾಗಿರಲಿಲ್ಲ. ಎರಡು ತಿಂಗಳು ಬೇವಿನ ಮರದ ಕೆಳಗೆ ಹೊಲಿದೆವು. ಗಾಳಿ ಬಂದರೆ ಬೇವಿನ ಹೂವು ಬಟ್ಟೆಯ ಜೊತೆ ಹೊಲಿಗೆಯೊಳಗೆ ಹೋಗುತ್ತಿತ್ತು. ಆಮೇಲೆ ಶಾಲೆಯ ಹೆಡ್ ಮಾಸ್ತರರು ಒಂದು ಕೋಣೆಯನ್ನು ಸಂಜೆಗೆ ಬಿಟ್ಟುಕೊಟ್ಟರು. ಸಾವ್ಕಾರರ ಸೊಸೆ ಬರುವುದು ನಿಂತಿತ್ತು. ಅದೊಂದು ನನಗೆ ಚುಚ್ಚುತ್ತಿತ್ತು.

ಬೇಸಿಗೆಯಲ್ಲಿ ಒಂದು ಸಂಜೆ ಶಾಲೆಯ ಕೋಣೆಗೆ ಸಾವ್ಕಾರರ ಹೆಂಡತಿಯೇ ಬಂದರು. ಅವರು ಮನೆಯಿಂದ ಹೊರಬೀಳುವುದೇ ಅಪರೂಪ. ತಲೆಯ ಮೇಲೆ ಸೆರಗು ಹೊದ್ದು, ಮಕ್ಕಳ ಬೆಂಚಿನ ಮೇಲೆ ಕೂಡಲೂ ಆಗದೆ ನಿಲ್ಲಲೂ ಆಗದೆ ಒದ್ದಾಡಿದರು. ನಾನು ಚಾಪೆ ಹಾಸಿದೆ. ಉಳಿದವರು ಸೂಕ್ಷ್ಮ ತಿಳಿದು ಒಬ್ಬೊಬ್ಬರಾಗಿ ಎದ್ದುಹೋದರು.

"ನಮ್ಮ ಯಜಮಾನ್ರು ಕೇಳಿದಾಗ ನೀವು ಸೊಸಿ ಸುದ್ದಿ ಹೇಳಲಿಲ್ಲ, ಅದನ್ನ ನಾ ಬಾಗಿಲ ಹಿಂದ ನಿಂತು ಕೇಳೀನಿ" ಎಂದರು. "ಅವತ್ತಿಂದ ಬರಬೇಕಂತ ಮಾಡಾಕತ್ತೀನಿ. ಧೈರ್ಯ ಆಗಿರ್ಲಿಲ್ಲ. ನಂದೂ ಒಂದ್ ಮಾತದ್ರಿ."

"ಹೇಳ್ರಿ ಅವ್ವಾರ" ಎಂದು ನಾನು ಯಂತ್ರದಿಂದ ಕಾಲು ತೆಗೆದೆ.

ಅವರು ಹೇಳಿದರು. ಅಂದು ಹೇಳಿದರು, ಮುಂದಿನ ವಾರವೂ ಬಂದು ಹೇಳಿದರು. ಏನು ಹೇಳಿದರೆಂದು ಬರೆಯಲು ನಾನು ಅವರನ್ನು ಕೇಳಿಲ್ಲ. ಕೇಳಲು ಈಗ ಅವರಿಲ್ಲ. ಆ ವರ್ಷ ನಾಗರ ಪಂಚಮಿಯ ಮುಂಚೆ ಅತ್ತೆ ಸೊಸೆ ಇಬ್ಬರೂ ಜೊತೆಯಾಗಿ ಶಾಲೆಯ ಕೋಣೆಗೆ ಬಂದು, ಒಂದೇ ಥಾನಿನ ಬಟ್ಟೆಯಲ್ಲಿ ಎರಡು ಕುಪ್ಪಸ ಕತ್ತರಿಸಿಕೊಂಡು, ನಗುತ್ತ ಮನೆಗೆ ಹೋದರು ಎಂಬಷ್ಟನ್ನು ಹೇಳಬಹುದು. ಅದನ್ನು ಊರೆಲ್ಲ ನೋಡಿತ್ತು.